ಚರ್ಮದೂರಿನ ತಂಡ, ಯುರೋಪಿನ ಆರು ಕಪ್

ಇಗ್ವಲಾದ. ಈ ಹೆಸರು ನಿಮ್ಮ ಕಿವಿಗೆ ಒಂದು ಸಲ ಬಿದ್ದಿರಬಹುದು. 2020ರ ಮಾರ್ಚ್ 12. ಸ್ಪೇನ್ ದೇಶ ಇನ್ನೂ ಲಾಕ್‌ಡೌನ್ ಘೋಷಿಸಿರಲಿಲ್ಲ. ಅದಕ್ಕೂ ಎರಡು ದಿನ ಮೊದಲೇ ಕ್ಯಾಟಲೋನಿಯಾ ಸೀಮೆಯ ಒಂದು ಸಣ್ಣ ಊರಿಗೆ, ಸುತ್ತಲಿನ ಹಳ್ಳಿಗಳ ಸಮೇತ, ಬೀಗ ಹಾಕಿದರು. ಒಳಗಿದ್ದವರು ಹೊರಗೆ ಬರೋ ಹಾಗಿಲ್ಲ, ಹೊರಗಿದ್ದವರು ಒಳಗೆ ಹೋಗೋ ಹಾಗಿಲ್ಲ. ಆ ಊರೇ ಇಗ್ವಲಾದ. ಒಂದೆರಡು ದಿನ ಟಿವಿ ಪರದೆ ಮೇಲೆ ಬಂತು, ಆಮೇಲೆ ಇಡೀ ಜಗತ್ತಿಗೇ ಬೀಗ ಬಿತ್ತು, ಇಗ್ವಲಾದ ಮರೆತು ಹೋಯಿತು.

ಆದರೆ ವೀಕ್ಷಕರೇ, ಆ ಊರಿನ ಬಗ್ಗೆ ಓದುತ್ತಾ ಹೋದಾಗ ನನ್ನ ತಲೆಯಲ್ಲಿ ಕೊರೋನಾ ಉಳಿಯಲಿಲ್ಲ. ಉಳಿದದ್ದು ಅಥಣಿ. ಅಲ್ಲೆಲ್ಲಿಯ ಸ್ಪೇನ್, ಇಲ್ಲೆಲ್ಲಿಯ ಅಥಣಿ ಅಂತ ಕೇಳ್ತೀರಿ. ಹೇಳ್ತೀನಿ.

ಇಗ್ವಲಾದ ಚರ್ಮದ ಊರು. ನೂರಾರು ವರ್ಷಗಳಿಂದ ಅಲ್ಲಿ ಚರ್ಮ ಹದ ಮಾಡ್ತಾರೆ. ಆನೋಯಾ ಅಂತ ಒಂದು ನದಿ, ಅದರ ನೀರನ್ನು ಊರೊಳಗೆ ತರುವ ಹಳೇ ಕಾಲುವೆ, ಆ ಕಾಲುವೆಯ ಗುಂಟ ಸಾಲಾಗಿ ಹದ ಮಾಡುವ ಕಾರ್ಖಾನೆಗಳು. ಊರಿನ ಚರ್ಮದ ಕಸುಬಿಗೇ ಅಂತ ಒಂದು ಮ್ಯೂಸಿಯಂ ಇದೆ, 1950ರ ದಶಕದಿಂದ. ಜನಸಂಖ್ಯೆ ಸುಮಾರು 40 ಸಾವಿರ. ಅಂದ್ರೆ ನಮ್ಮ ಅಥಣಿಗಿಂತ ಸ್ವಲ್ಪ ಚಿಕ್ಕದು. ಪಕ್ಕದಲ್ಲಿ, 60-65 ಕಿಲೋಮೀಟರ್ ದೂರದಲ್ಲಿ, ಒಂದು ದೊಡ್ಡ ಊರು ಬಾರ್ಸಿಲೋನಾ. ಜಗತ್ತಿಗೆಲ್ಲ ಗೊತ್ತಿರೋದು ಆ ದೊಡ್ಡ ಊರಿನ ಹೆಸರೇ. ನಿಪ್ಪಾಣಿಯವರಿಗೆ, ಚಿಕ್ಕೋಡಿಯವರಿಗೆ ಈ ಮಾತು ನಾನು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದಲ್ಲಿ ದೊಡ್ಡ ಊರು ಇದ್ದರೆ ಏನಾಗುತ್ತೆ ಅನ್ನೋದು ಅವರಿಗೆ ಗೊತ್ತು.

ಆದರೆ ಈ 40 ಸಾವಿರ ಜನರ ಊರು ಒಂದು ಕೆಲಸ ಮಾಡಿದೆ. ರೋಲರ್ ಹಾಕಿ ಅನ್ನೋ ಆಟದಲ್ಲಿ ಯುರೋಪಿನ ಚಾಂಪಿಯನ್ ಪಟ್ಟವನ್ನು ಆರು ಸಲ ಗೆದ್ದಿದೆ.

ರೋಲರ್ ಹಾಕಿ ಅಂದ್ರೆ ಏನು ಅಂತ ಮೊದಲು ತಿಳ್ಕೊಳ್ಳಿ. ಕಾಲಿಗೆ ನಾಲ್ಕು ಗಾಲಿಯ ಸ್ಕೇಟ್. ಮುಂದೆ ಎರಡು, ಹಿಂದೆ ಎರಡು. ಕೈಯಲ್ಲಿ ಬಾಗಿದ ಕೋಲು. ಒಂದು ಗಟ್ಟಿ ಚೆಂಡು. ಒಂದು ತಂಡಕ್ಕೆ ಐದೇ ಜನ: ನಾಲ್ವರು ಓಡಾಡುವವರು, ಒಬ್ಬ ಗೋಲ್‌ಕೀಪರ್. ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ, ಸುತ್ತಲೂ ಕಟ್ಟೆಯ ಹಾಗೆ ತಡೆ. ಹುಲ್ಲು ಬೇಡ, ಟರ್ಫ್ ಬೇಡ, ಮಂಜುಗಡ್ಡೆಯಂತೂ ಬೇಡವೇ ಬೇಡ. ನುಣುಪಾದ ಗಟ್ಟಿ ನೆಲ ಇದ್ದರೆ ಆಯ್ತು. ಶಾಲೆಯ ಅಂಗಳವೂ ಆದೀತು. ಬಡ ಊರಿಗೆ, ಕಾರ್ಖಾನೆ ಊರಿಗೆ ಹೊಂದುವ ಆಟ.

ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1936ರ ಮೊದಲ ವಿಶ್ವ ಚಾಂಪಿಯನ್‌ಶಿಪ್ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನಡೆಯಿತು, ಇಂಗ್ಲೆಂಡ್ ಗೆದ್ದಿತು. ಆಮೇಲೆ ಪೋರ್ಚುಗಲ್ ಮೇಲೆ ಬಂತು. 1951ರಲ್ಲಿ ಬಾರ್ಸಿಲೋನಾದಲ್ಲೇ ನಡೆದ ಚಾಂಪಿಯನ್‌ಶಿಪ್ಪನ್ನು ಸ್ಪೇನ್ ಗೆದ್ದಿತು. ಆ ಗೆದ್ದ ತಂಡದ ಹಿಂದೆ ನಿಂತು ಓಡಾಡಿದ ಮನುಷ್ಯ ಯಾರು ಗೊತ್ತಾ? ಹುವಾನ್ ಅಂತೋನಿಯೋ ಸಮರಾಂಚ್. ಹೌದು, 1980ರಿಂದ 2001ರವರೆಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದ ಅದೇ ಸಮರಾಂಚ್. ಬಾರ್ಸಿಲೋನಾದ ಬಟ್ಟೆ ಗಿರಣಿ ಮನೆತನದ ಹುಡುಗ, ಸರ್ವಾಧಿಕಾರಿ ಫ್ರಾಂಕೋ ಸರ್ಕಾರದಲ್ಲಿ ಹುದ್ದೆ ಹಿಡಿದವರು, ಅದು ಬೇರೆ ಕಥೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ರೋಲರ್ ಹಾಕಿ ಪ್ರದರ್ಶನ ಕ್ರೀಡೆಯಾಗಿ ಒಳಗೆ ಬಂತು ಅಂದ್ರೆ ಯಾಕೆ ಬಂತು ಅಂತ ನೀವೇ ಅರ್ಥ ಮಾಡ್ಕೊಳ್ಳಿ. ಫೈನಲ್‌ನಲ್ಲಿ ಅರ್ಜೆಂಟೀನಾ ಗೆದ್ದು ಮನೆಯವರ ಹಬ್ಬ ಕೆಡಿಸಿತು. ಆ ಆಟ ಮತ್ತೆ ಒಲಿಂಪಿಕ್ಸ್ ಬಾಗಿಲಿಗೆ ಬರಲಿಲ್ಲ.

ಇಗ್ವಲಾದ ಹಾಕಿ ಕ್ಲಬ್ ಶುರುವಾಗಿದ್ದು 1950ರಲ್ಲಿ. ಆಗ ಫ್ರಾಂಕೋ ಕಾಲ. ಕ್ಯಾಟಲಾನ್ ಭಾಷೆಗೆ ಸರ್ಕಾರಿ ಕಚೇರಿಯಲ್ಲಿ ಜಾಗ ಇಲ್ಲ, ಶಾಲೆಯಲ್ಲಿ ಜಾಗ ಇಲ್ಲ. ಅಂಥ ಹೊತ್ತಿನಲ್ಲಿ ಊರಿನವರು ಸೇರಿ, ಸದಸ್ಯರಾಗಿ, ಕ್ಲಬ್ ಕಟ್ಟಿಕೊಂಡರು. ನಲವತ್ತು ವರ್ಷ ಅದು ಅನೇಕ ಕ್ಲಬ್‌ಗಳಲ್ಲಿ ಒಂದು. ಆಮೇಲೆ 1993ರಲ್ಲಿ ಯುರೋಪಿಯನ್ ಕಪ್ ಗೆದ್ದರು. 94ರಲ್ಲಿ ಗೆದ್ದರು. 95, 96. ಸತತ ನಾಲ್ಕು. 97ರಲ್ಲಿ ಬಾರ್ಸಿಲೋನಾ ಕಿತ್ತುಕೊಂಡಿತು. 98ರಲ್ಲಿ ವಾಪಸ್ ತಂದರು, 99ರಲ್ಲೂ ಉಳಿಸಿಕೊಂಡರು. ಏಳು ವರ್ಷದಲ್ಲಿ ಆರು.

ಇದರ ತೂಕ ನಿಮಗೆ ಗೊತ್ತಾಗಬೇಕಾದ್ರೆ ಎದುರಾಳಿ ಯಾರು ಅಂತ ನೋಡಬೇಕು. ಬಾರ್ಸಾ ಅಂದ್ರೆ ಫುಟ್‌ಬಾಲ್‌ನ ದುಡ್ಡು ಹರಿದು ಬರುವ ಕ್ಲಬ್. ರೋಲರ್ ಹಾಕಿಯಲ್ಲಿ ಅವರ ಹತ್ತಿರ ಇಪ್ಪತ್ತಕ್ಕೂ ಹೆಚ್ಚು ಯುರೋಪಿಯನ್ ಕಪ್‌ಗಳಿವೆ. ಪೋರ್ಚುಗಲ್‌ನ ಬೆನ್ಫಿಕಾ, ಪೋರ್ಟೋ ಕೂಡ ಅಂಥವೇ, ಫುಟ್‌ಬಾಲ್ ಅಣ್ಣನ ಹೆಗಲ ಮೇಲೆ ಕೂತ ತಮ್ಮಂದಿರು. ಇಗ್ವಲಾದಕ್ಕೆ ಅಂಥ ಅಣ್ಣ ಯಾರೂ ಇಲ್ಲ. ಹಾಕಿ ಕ್ಲಬ್ ಅಂದ್ರೆ ಹಾಕಿ ಕ್ಲಬ್, ಅಷ್ಟೇ. ಈ ಆಟದಲ್ಲಿ ಕ್ರಿಕೆಟ್ಟಿನ ಹಾಗೆ ಕೋಟಿಗಳ ಹರಾಜು ಇಲ್ಲ. ದೊಡ್ಡ ಕ್ಲಬ್ಬುಗಳನ್ನು ಬಿಟ್ಟರೆ ಆಡುವವರಲ್ಲಿ ಎಷ್ಟೋ ಜನ ಪಕ್ಕದಲ್ಲಿ ಬೇರೊಂದು ಕೆಲಸವನ್ನೂ ಮಾಡಿಕೊಂಡಿರ್ತಾರೆ.

ಆರು ಕಪ್ ಬಂದಾಗ ಅದರ ಪಕ್ಕ ಏನಂತ ಬರೆದರು? ಇಗ್ವಲಾದ ಅಂತ ಬರೆದರು. ನನಗೆ ಹಿಡಿಸಿದ್ದು ಇದು.

ಈಗ ಅಥಣಿಗೆ ಬನ್ನಿ.

ಕೊಲ್ಹಾಪುರಿ ಚಪ್ಪಲಿ ಎಲ್ಲರಿಗೂ ಗೊತ್ತು. ಸಿನಿಮಾ ಹೀರೋಗಳು ಹಾಕ್ತಾರೆ, ರಾಜಕಾರಣಿಗಳು ಹಾಕ್ತಾರೆ, ಕುರ್ತಾ ಹಾಕಿದ ಮೇಲೆ ನಾವೂ ಹಾಕ್ತೀವಿ. ಆದರೆ ಕೊಲ್ಹಾಪುರದ ಅಂಗಡಿಯಲ್ಲಿ ತೂಗು ಹಾಕಿರುವ ಆ ಚಪ್ಪಲಿಗಳಲ್ಲಿ ಎಷ್ಟೋ ಹುಟ್ಟಿದ್ದು ಗಡಿಯ ಈಚೆ. ಅಥಣಿ, ಮದಭಾವಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ನೆನೆಸಿ ಹದ ಮಾಡಿದ ಚರ್ಮ. ಹದ ಮಾಡುವವರು ಢೋರ ಸಮುದಾಯದವರು, ಹೊಲಿಯುವವರು ಸಮಗಾರರು. ಅಟ್ಟೆ ಕತ್ತರಿಸೋದು ಗಂಡಸರು, ಮೇಲಿನ ಪಟ್ಟಿ ಹೆಣೆಯೋದು, ಹೊಲಿಯೋದು ಹೆಚ್ಚಾಗಿ ಮನೆಯ ಹೆಂಗಸರು. ಮೊಳೆ ಇಲ್ಲ, ಚರ್ಮದ ದಾರದಲ್ಲೇ ಹೊಲಿಗೆ.

ನಾನು ಅಥಣಿಗೆ ಹೋದಾಗ ಒಬ್ಬ ಹಿರಿಯರು ಜಗಲಿ ಮೇಲೆ ಕೂತು ಅಟ್ಟೆ ಕೊಯ್ಯುತ್ತಿದ್ದರು. "ಅಜ್ಜಾರ, ಇದಕ್ಕ ಅಥಣಿ ಚಪ್ಪಲಿ ಅಂತ ಯಾಕ ಹೆಸರಿಡಬಾರದು?" ಅಂತ ಕೇಳಿದೆ. ಅವರು ರಂಪಿಗೆ ಕೆಳಗಿಡಲೇ ಇಲ್ಲ. "ಇಟ್ಟರ ಯಾರ ತೊಗೋತಾರ್ರೀ? ಗಿರಾಕಿ ಕೇಳೂದ ಕೊಲ್ಹಾಪುರಿ ಅಂತ. ನಾವೂ ಕೊಲ್ಹಾಪುರಿ ಅಂತನ ಕೊಡ್ತೇವಿ. ಹೊಟ್ಟಿ ಕೇಳ್ತದೇನ್ರೀ ಹೆಸರ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಹೆಸರಿನ ಹಿಂದೆ ಇತಿಹಾಸ ಇದೆ, ಅದನ್ನು ಅಲ್ಲಗಳೆಯೋ ಹಾಗಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು, 1894ರಿಂದ 1922ರವರೆಗೆ ಆಳಿದವರು, ಈ ಕಸುಬಿಗೂ ಕಸುಬಿನವರಿಗೂ ಆಸರೆ ಕೊಟ್ಟರು. ಪೇಟೆ ಅಲ್ಲಿತ್ತು, ಪೇಟೆಯ ಹೆಸರು ಮಾಲಿಗೆ ಅಂಟಿಕೊಂಡಿತು. ಇದರಲ್ಲಿ ಯಾರ ಮೋಸವೂ ಇಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್ ಸಿಕ್ಕಿತಲ್ಲ, ಅದು ಎರಡೂ ರಾಜ್ಯಗಳಿಗೆ ಸೇರಿ ಸಿಕ್ಕಿದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ನಾಲ್ಕಕ್ಕೆ ನಾಲ್ಕು. ಲೆಕ್ಕ ಸರಿಯಾಗಿದೆ. ಆದರೆ ಹೆಸರು ಒಂದೇ ಊರಿನದು.

ಕುಸ್ತಿಯಲ್ಲೂ ಹಾಗೇ ಆಯ್ತು. ಅದೇ ಶಾಹು ಮಹಾರಾಜರು 1912ರಲ್ಲಿ ಖಾಸಬಾಗ್ ಮೈದಾನ ಕಟ್ಟಿಸಿದರು. ಈ ಕಡೆಯ ಹಳ್ಳಿಗಳ ಹುಡುಗರು ಗರಡಿಯಲ್ಲಿ ಮಣ್ಣು ಮುಟ್ಟಿ, ಸ್ವಲ್ಪ ಕೈ ಬಲಿತ ಮೇಲೆ ಕೊಲ್ಹಾಪುರದ ತಾಲೀಮಿಗೆ ಹೋಗೋರು. ಅಲ್ಲಿ ವಸ್ತಾದರು ಇದ್ದರು, ಖುರಾಕು ಇತ್ತು, ದೊಡ್ಡ ಕುಸ್ತಿ ಇತ್ತು. ಹಾಗೆ ಹೋದವರಲ್ಲಿ ಒಬ್ಬರು ಚಿಕ್ಕೋಡಿ ತಾಲ್ಲೂಕಿನ ಯಕ್ಸಂಬಾದ ಶ್ರೀಪತಿ ಖಂಚನಾಳೆ. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾ ಸಿಂಗ್ ಅವರನ್ನು ಸೋಲಿಸಿ ದೇಶದ ಮೊಟ್ಟಮೊದಲ ಹಿಂದ್ ಕೇಸರಿ ಆದರು. ಮೊಟ್ಟಮೊದಲ, ಸ್ವಾಮಿ! 2020ರ ಡಿಸೆಂಬರಿನಲ್ಲಿ ಅವರು ಕೊಲ್ಹಾಪುರದಲ್ಲೇ ತೀರಿಕೊಂಡರು. ದೇಶ ಅವರನ್ನು ಕೊಲ್ಹಾಪುರದ ಪೈಲ್ವಾನ್ ಅಂತ ನೆನೆಯಿತು. ಅದೂ ಸುಳ್ಳಲ್ಲ, ಅವರನ್ನು ಬೆಳೆಸಿದ್ದು ಆ ಊರೇ. ಆದರೆ ಬೆಂಗಳೂರಿನಲ್ಲಿ ಹತ್ತು ಜನರನ್ನು ನಿಲ್ಲಿಸಿ ಮೊದಲ ಹಿಂದ್ ಕೇಸರಿ ಯಾವ ಊರಿನವರು ಅಂತ ಕೇಳಿ. ಯಕ್ಸಂಬಾ ಅಂತ ಒಬ್ಬರು ಹೇಳಿದರೂ ನನಗೆ ಸಂತೋಷ.

ಹಾಕಿ ಕೋಲಿನ ಮಾತು ಬಂದ ಮೇಲೆ ಬೆಳಗಾವಿಯನ್ನು ಬಿಡೋ ಹಾಗಿಲ್ಲ. 1964ರ ಟೋಕಿಯೊದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ ಇದ್ದರು. ಅದೇ ತಂಡದ ಗೋಲ್‌ಕೀಪರ್ ಶಂಕರ್ ಲಕ್ಷ್ಮಣ್ ಮರಾಠಾ ಲೈಟ್ ಇನ್‌ಫೆಂಟ್ರಿಯವರು. ಆ ರೆಜಿಮೆಂಟಿನ ಕೇಂದ್ರ ಇರೋದು ಬೆಳಗಾವಿಯಲ್ಲಿ. ಇನ್ನು ಗಾಲಿ ಸ್ಕೇಟು? ಅದೂ ಇದೆ. ಸಾಲಾಗಿ ನಿಲ್ಲಿಸಿದ ಕಾರುಗಳ ಕೆಳಗೆ ಮೈ ನೆಲಕ್ಕೆ ಹಾಸಿಕೊಂಡು ಸ್ಕೇಟ್ ಮಾಡಿ 2011ರಲ್ಲಿ ಗಿನ್ನೆಸ್ ದಾಖಲೆ ಬರೆದ ರೋಹನ್ ಕೋಕಣೆ ಬೆಳಗಾವಿಯ ಹುಡುಗ. ಅಂದ್ರೆ ಕೋಲು ಹಿಡಿಯೋ ಕೈ ಇದೆ, ಗಾಲಿ ಮೇಲೆ ನಿಲ್ಲೋ ಕಾಲಿದೆ. ಇಲ್ಲದೇ ಇರೋದು ತಂಡ.

ತಂಡವೂ ಒಂದು ಇತ್ತಲ್ಲ ಅಂತ ಕ್ರಿಕೆಟ್ ನೋಡೋರು ಹೇಳ್ತಾರೆ. ಹೌದು, ಇತ್ತು. ಬೆಳಗಾವಿ ಪ್ಯಾಂಥರ್ಸ್. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ 2017ರಲ್ಲಿ ಬಿಜಾಪುರ ಬುಲ್ಸ್ ತಂಡವನ್ನು ಸೋಲಿಸಿ ಕಪ್ ಗೆದ್ದಿತು. ಈ ಜಿಲ್ಲೆಯ ಹೆಸರು ಹೊತ್ತ ವೃತ್ತಿಪರ ತಂಡವೊಂದು ರಾಜ್ಯದ ಚಾಂಪಿಯನ್. ಚಿಕ್ಕೋಡಿ, ಅಥಣಿಯ ಹುಡುಗರೂ ಟಿವಿ ಮುಂದೆ ಕುಣಿದಿರಬೇಕು. ಎರಡು ವರ್ಷ ಕಳೆಯಿತು. 2019ರಲ್ಲಿ ಬೆಟ್ಟಿಂಗ್ ಪ್ರಕರಣದಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ತಂಡದ ಮಾಲೀಕರನ್ನೇ ಬಂಧಿಸಿದರು. ರಾಜ್ಯ ಕ್ರಿಕೆಟ್ ಸಂಸ್ಥೆ ತಂಡವನ್ನು ಅಮಾನತು ಮಾಡಿತು. ಲೀಗೇ ನಿಂತು ಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿ ಅಂತ ಹೊಸದಾಗಿ ಶುರು ಮಾಡಿದಾಗ ಆರು ತಂಡ ಮಾಡಿದರು: ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ, ಶಿವಮೊಗ್ಗ, ಗುಲ್ಬರ್ಗ. ಬೆಳಗಾವಿ ಇಲ್ಲ.

ಆ ದಿನ ಬೆಳಗಾವಿಯಲ್ಲಿ ಯಾರಾದರೂ ರಸ್ತೆಗಿಳಿದರಾ? ನಮ್ಮ ತಂಡ ಎಲ್ಲಿ ಅಂತ ಕೇಳಿದರಾ? ನಾನಂತೂ ಅಂಥ ಸುದ್ದಿ ಓದಲಿಲ್ಲ. ಯಾಕೆ ಕೇಳಲಿಲ್ಲ ಅಂದ್ರೆ ಅದು ಅವರ ತಂಡ ಆಗಿರಲೇ ಇಲ್ಲ. ಹೆಸರು ಬೆಳಗಾವಿಯದು, ದುಡ್ಡು ಇನ್ನಾರದೋ, ಆಟಗಾರರು ಹರಾಜಿನಲ್ಲಿ ಬಂದವರು. ಊರಿನ ಹೆಸರನ್ನು ಬಾಡಿಗೆಗೆ ಪಡೆದಿದ್ದರು, ಬಾಡಿಗೆ ಮುಗಿಯಿತು, ಬೋರ್ಡು ಇಳಿಸಿದರು. ಇಗ್ವಲಾದದ ಕ್ಲಬ್ಬಿಗೂ ಕೆಟ್ಟ ವರ್ಷಗಳು ಬಂದಿವೆ. 1999ರ ಆಮೇಲೆ ಅವರಿಗೆ ಯುರೋಪಿನ ದೊಡ್ಡ ಕಪ್ ಮತ್ತೆ ಸಿಕ್ಕಿಲ್ಲ. ಆದರೂ ಕ್ಲಬ್ ಇದೆ, ಅದೇ ಹೆಸರಲ್ಲಿ ಇದೆ, ಸ್ಪೇನಿನ ಮೊದಲ ದರ್ಜೆಯ ಲೀಗ್‌ನಲ್ಲಿ ಆಡುತ್ತಿದೆ. ಬಾಡಿಗೆದಾರ ಹೋಗ್ತಾನೆ, ಮನೆಯವನು ಎಲ್ಲಿಗೆ ಹೋಗ್ತಾನೆ?

ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ಈ ಐದು ತಾಲ್ಲೂಕುಗಳ ಕಬ್ಬಿನ ಗದ್ದೆಗಳ ನಡುವೆ ಎಷ್ಟು ಚಿಮಣಿಗಳು ಹೊಗೆ ಉಗುಳುತ್ತಿವೆ, ನೋಡ್ಕೊಂಡು ಬನ್ನಿ. ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ಸ್ವಾತಂತ್ರ್ಯಕ್ಕಿಂತ ಮೊದಲೇ ಸಕ್ಕರೆ ಕಾರ್ಖಾನೆ ಇತ್ತು. ಚಿಕ್ಕೋಡಿಯಲ್ಲಿ ದೂಧಗಂಗಾ ಕೃಷ್ಣಾ ಸಹಕಾರಿ ಕಾರ್ಖಾನೆ, ನಿಪ್ಪಾಣಿಯಲ್ಲಿ ಹಾಲಸಿದ್ಧನಾಥ, ಅಥಣಿಯಲ್ಲಿ ಕೃಷ್ಣಾ. ರಾಜ್ಯದ ರಾಜಕೀಯಕ್ಕೆ ಮಂತ್ರಿಗಳನ್ನು ಕೊಟ್ಟ ನೆಲ ಇದು. ಸಹಕಾರಿ ಸಂಘ ಕಟ್ಟೋದು ಹೇಗೆ ಅಂತ ಈ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಷೇರು ಹಾಕಿ, ಸದಸ್ಯರಾಗಿ, ಚುನಾವಣೆ ಮಾಡಿ, ಜಗಳ ಆಡಿ, ಮತ್ತೆ ಒಟ್ಟಿಗೆ ಕೂತು ಕಾರ್ಖಾನೆ ನಡೆಸಿದ್ದಾರೆ. ಇಗ್ವಲಾದದ ಕ್ಲಬ್ಬೂ ಸದಸ್ಯರ ಸಂಘವೇ. ಸಕ್ಕರೆಗೆ ಸಾಧ್ಯವಾದದ್ದು ಆಟಕ್ಕೆ ಯಾಕೆ ಸಾಧ್ಯವಾಗಲಿಲ್ಲ? ನನಗನ್ನಿಸೋದು, ನಾವು ಹುಡುಗರಿಗೆ ಜಾತ್ರೆಯ ಬಹುಮಾನ ಕೊಡ್ತೀವಿ, ಬೆಳ್ಳಿ ಗದೆ ಕೊಡ್ತೀವಿ, ಮೆರವಣಿಗೆ ಮಾಡ್ತೀವಿ. ತಿಂಗಳ ಸಂಬಳ ಕೊಡಲ್ಲ. ಸಂಬಳ ಕೊಡುವ ಊರಿಗೆ ಹುಡುಗ ಹೋಗ್ತಾನೆ, ಹೋದ ಊರಿನವನಾಗ್ತಾನೆ.

ಇನ್ನೊಂದು ಕಥೆ ಇದೆ, ಗಡಿಯವರು ಕೇಳಲೇಬೇಕಾದದ್ದು. ಸ್ಪೇನ್ ತಂಡದಲ್ಲಿ ರೋಲರ್ ಹಾಕಿ ಆಡುವವರಲ್ಲಿ ಬಹುಪಾಲು ಕ್ಯಾಟಲಾನ್ ಹುಡುಗರೇ. ಹಾಗಾದ್ರೆ ನಾವು ನಮ್ಮದೇ ಹೆಸರಲ್ಲಿ ಯಾಕೆ ಆಡಬಾರದು ಅಂತ ಅವರು ಕೇಳಿದರು. 2004ರ ಮಾರ್ಚಿನಲ್ಲಿ ಅಂತಾರಾಷ್ಟ್ರೀಯ ರೋಲರ್ ಕ್ರೀಡಾ ಒಕ್ಕೂಟ ಕ್ಯಾಟಲೋನಿಯಾಕ್ಕೆ ತಾತ್ಕಾಲಿಕ ಮಾನ್ಯತೆ ಕೊಟ್ಟಿತು. ಅಕ್ಟೋಬರಿನಲ್ಲಿ ಮಕಾವ್‌ನಲ್ಲಿ ನಡೆದ ಎರಡನೇ ದರ್ಜೆಯ ವಿಶ್ವ ಚಾಂಪಿಯನ್‌ಶಿಪ್‌ಗೆ ಕ್ಯಾಟಲೋನಿಯಾ ಅನ್ನೋ ಹೆಸರಲ್ಲೇ ಹೋದರು. ಹೋದವರು ಗೆದ್ದೇ ಬಂದರು. ನವೆಂಬರಿನಲ್ಲಿ ಅಮೆರಿಕದ ಫ್ರೆಸ್ನೊದಲ್ಲಿ ಒಕ್ಕೂಟದ ಸಭೆ. ಸ್ಪೇನ್ ಪಟ್ಟು ಹಿಡಿದಿತ್ತು. ಮತಕ್ಕೆ ಹಾಕಿದರು, ಮಾನ್ಯತೆ ಬಿದ್ದು ಹೋಯಿತು. ಕೋರ್ಟು ಕಟ್ಟೆ ಏರಿದರು, ಅದೇನೂ ಕೊನೆಗೆ ಫಲ ಕೊಡಲಿಲ್ಲ. ಅಂಗಿಯ ಮೇಲೆ ತಮ್ಮ ನಾಡಿನ ಹೆಸರು ಬರೆದುಕೊಂಡು ಅವರು ಆ ಒಕ್ಕೂಟದಲ್ಲಿ ಉಳಿದದ್ದು ಎಂಟೇ ತಿಂಗಳು.

ಕಾಕತಾಳೀಯ ನೋಡಿ. ಅದೇ 2004ರಲ್ಲೇ ಮಹಾರಾಷ್ಟ್ರ ಸರ್ಕಾರ ಬೆಳಗಾವಿ, ನಿಪ್ಪಾಣಿ ನಮಗೆ ಸೇರಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋಯಿತು. ಅಂದಿನಿಂದ ನಮ್ಮ ಚಾನೆಲ್‌ಗಳಲ್ಲಿ ಎಷ್ಟು ಚರ್ಚೆ, ಎಷ್ಟು ಕೂಗಾಟ! ನಾನೂ ಕೂಗಿದವನೇ. ನಿಪ್ಪಾಣಿ ನಮ್ಮದು ಅಂತ ಅವರು, ನಿಪ್ಪಾಣಿ ನಮ್ಮದು ಅಂತ ಇವರು. ನಿಪ್ಪಾಣಿಯ ಹುಡುಗ ಎಲ್ಲಿ ಆಡ್ತಾನೆ, ಯಾರ ಹೆಸರಲ್ಲಿ ಆಡ್ತಾನೆ ಅಂತ ಆ ಸ್ಟುಡಿಯೋಗಳಲ್ಲಿ ಕೇಳಿದವರು ಕಡಿಮೆ. ನಿಪ್ಪಾಣಿಯನ್ನೂ ಕಾಗವಾಡವನ್ನೂ ತಾಲ್ಲೂಕು ಮಾಡಿದ್ದೇ ಇತ್ತೀಚೆಗೆ. ಚಿಕ್ಕೋಡಿ ಜಿಲ್ಲೆಯ ಬೇಡಿಕೆ ದಶಕಗಳಿಂದ ಕಡತದಲ್ಲೇ ಇದೆ.

ಹಾಗಂತ ಅಥಣಿ ಸುಮ್ಮನೆ ಕೂತಿಲ್ಲ. ಕಳೆದ ಶತಮಾನದ ಕೊನೆಗೆ ಅಲ್ಲಿನ ಚಪ್ಪಲಿ ಹೊಲಿಯುವ ಹೆಣ್ಣುಮಕ್ಕಳು ಸ್ವಸಹಾಯ ಗುಂಪು ಕಟ್ಟಿಕೊಂಡರು, ಟೋಹೋಲ್ಡ್ ಅನ್ನೋ ತಮ್ಮದೇ ಬ್ರ್ಯಾಂಡಿನಲ್ಲಿ ಹೊರದೇಶಕ್ಕೆ ಚಪ್ಪಲಿ ಕಳಿಸಿದರು. ಮಧ್ಯವರ್ತಿಯನ್ನು ದಾಟಿ ಬೇರೆ ದೇಶದ ಅಂಗಡಿ ಮುಟ್ಟಿದರು. ಇದು ನನ್ನ ಲೆಕ್ಕದಲ್ಲಿ ಆ ಪ್ಯಾಂಥರ್ಸ್ ಕಪ್‌ಗಿಂತ ದೊಡ್ಡ ಗೆಲುವು. ಅದರ ನೇರ ಪ್ರಸಾರ ಮಾತ್ರ ಯಾವ ಚಾನೆಲ್ಲೂ ಮಾಡಲಿಲ್ಲ, ನಮ್ಮದೂ ಸೇರಿದಂತೆ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಫ್ಯಾಷನ್ ಶೋ ಮಾಡಿತು. ಮಾಡೆಲ್‌ಗಳ ಕಾಲಲ್ಲಿ ನಮ್ಮ ಚಪ್ಪಲಿ! ಕಂಪನಿ ಅದಕ್ಕೆ ಬರೀ ಚರ್ಮದ ಸ್ಯಾಂಡಲ್ ಅಂತ ಹೇಳಿ ಸುಮ್ಮನಾಗಿತ್ತು. ಗದ್ದಲ ಎದ್ದಿತು. ಆಮೇಲೆ ಭಾರತದ ಕರಕುಶಲದಿಂದ ಪ್ರೇರಣೆ ಪಡೆದದ್ದು ಅಂತ ಒಪ್ಪಿಕೊಂಡರು. ಕೊಲ್ಹಾಪುರ ಅಂತ ಎಲ್ಲರೂ ಕೂಗುತ್ತಿದ್ದಾಗ ನಮ್ಮ ಸಚಿವ ಪ್ರಿಯಾಂಕ್ ಖರ್ಗೆ ಅವರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗದ ಕುಶಲಕರ್ಮಿಗಳ ಮಾತೆತ್ತಿದರು. ಎರಡು ದಿನ ಆ ಹೆಸರುಗಳು ರಾಷ್ಟ್ರೀಯ ಪತ್ರಿಕೆಗಳಲ್ಲಿ ಬಂದವು.

ಅದೇ ವರ್ಷ ಡಿಸೆಂಬರಿನಲ್ಲಿ ಮುಂಬೈನಲ್ಲಿ ಒಪ್ಪಂದ ಆಯ್ತು. ಒಂದು ಕಡೆ ಪ್ರಾಡಾ, ಇನ್ನೊಂದು ಕಡೆ ಮಹಾರಾಷ್ಟ್ರದ ಚರ್ಮ ನಿಗಮ ಲಿಡ್‌ಕಾಮ್, ಜೊತೆಗೆ ನಮ್ಮ ಲಿಡ್ಕರ್. ಎರಡೂ ರಾಜ್ಯಗಳ ಕುಶಲಕರ್ಮಿಗಳ ಕೈಯಿಂದ 2,000 ಜೊತೆ ಮಾಡಿಸೋದು. ಒಂದು ಜೊತೆಗೆ ಸುಮಾರು 800 ಯುರೋ, ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಗೂ ಮೇಲೆ. ಆ ಯೋಜನೆಗೆ ಒಂದು ಉದ್ದದ ಹೆಸರಿಟ್ಟಿದ್ದಾರೆ. ಪ್ರಾಡಾ ಇದೆ, ಮೇಡ್ ಇನ್ ಇಂಡಿಯಾ ಇದೆ, ಕೊಲ್ಹಾಪುರಿ ಚಪ್ಪಲ್ಸ್ ಇದೆ. ಅಥಣಿ ಅನ್ನೋ ಮೂರಕ್ಷರ ಅದರಲ್ಲಿ ಇಲ್ಲ.